ಬೂದಿ ಒಳ್ಳೆಯದೇ, ಆದರೆ ಬುಟ್ಟಿ ಲೆಕ್ಕದಲ್ಲಿ ಬೇಡ

ಸಿಂಧನೂರು, ಗಂಗಾವತಿ ಕಡೆ ಅಕ್ಕಿ ಗಿರಣಿಗಳ ಹಿಂದೆ ಭತ್ತದ ಹೊಟ್ಟಿನ ಬೂದಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಮೂರು ವರ್ಷದ ಹಿಂದೆ ನಾನು ದನದ ಕೊಟ್ಟಿಗೆ ಕಟ್ಟಿಸುವಾಗ ಮೇಸ್ತ್ರಿ, "ಸಿಮೆಂಟಿಗೆ ಇದನ್ನ ಬೆರೆಸಿದ್ರ ಖರ್ಚು ಉಳಿತದ್ರಿ ಅಣ್ಣಾರ" ಅಂದ. ನಾನೂ ಹೂಂ ಅಂದೆ. ಮೂರು ಬುಟ್ಟಿ ಸಿಮೆಂಟಿಗೆ ಒಂದು ಬುಟ್ಟಿ ಬೂದಿ ಬಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋದಲಿಯ ಗಿಲಾವು ಉಗುರಲ್ಲಿ ಕೆರೆದರೆ ಉದುರತೊಡಗಿತು. ಕೆತ್ತಿಸಿ ಮತ್ತೆ ಮಾಡಿಸಿದ್ದಕ್ಕೆ, ಉಳಿಸಿದ್ದಕ್ಕಿಂತ ಹೆಚ್ಚೇ ಖರ್ಚಾಯ್ತು.

ಹಾಗಂತ ಬೂದಿಯೇ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಒಳ್ಳೆಯ ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜೊತೆ ಕೂಡಿ ಮತ್ತಷ್ಟು ಅಂಟಾಗುತ್ತದೆ. ಹಿರಿಯರು ಸುಣ್ಣಕ್ಕೆ ಇಟ್ಟಿಗೆ ಪುಡಿ ಹಾಕಿ ಗಾರೆ ಅರೆಯುತ್ತಿದ್ದ ಗುಟ್ಟೂ ಇದೇ.

ತಪ್ಪಿದ್ದು ಎಲ್ಲಿ? ನಾನು ತಂದಿದ್ದು ಪಿಪಿಸಿ ಸಿಮೆಂಟ್. ಹಾರುಬೂದಿಯ ಪಿಪಿಸಿಯಲ್ಲಿ ಕಾರ್ಖಾನೆಯಲ್ಲೇ ಶೇ. 15ರಿಂದ 35ರಷ್ಟು ಹಾರುಬೂದಿ ಬೆರೆಸಿರುತ್ತಾರೆ. ಅದರ ಮೇಲೆ ಮತ್ತೆ ಬೂದಿ ಸುರಿದರೆ ಸಿಮೆಂಟ್ ಪಾಲು ಎಷ್ಟು ಉಳೀತು, ನೀವೇ ಹೇಳಿ. ಎರಡನೆಯದು, ಹೊಟ್ಟನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಹದವಾಗಿ ಸುಟ್ಟು ನುಣ್ಣಗೆ ಅರೆದರೆ ಮಾತ್ರ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಬೆಂಕಿ ಹೆಚ್ಚಾದರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಅರೆಬೆಂದ ಕರಿಬೂದಿಯಾದರೆ ಗಾರೆಯ ನೀರನ್ನೇ ಕುಡಿಯುತ್ತದೆ. ಗುಡ್ಡೆಯ ಬೂದಿ ಯಾವ ಬಗೆಯದು ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ಮೂರನೆಯದು, ನಾಲ್ಕೇ ದಿನಕ್ಕೆ ನೀರುಣಿಸುವುದು ನಿಲ್ಲಿಸಿದ್ದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಬೂದಿ ಬಳಸಿ, ಆದರೆ ಚೀಲದೊಳಗೆ ಬೆರೆತು ಬಂದದ್ದನ್ನೇ ಬಳಸಿ. ಗೋದಲಿ, ನೀರಿನ ತೊಟ್ಟಿಗೆ ಪಿಪಿಸಿ ಸಾಕು. ಸವಳು ನೆಲವಿದ್ದರೆ, ಉಕ್ಕಿನ ಕಾರ್ಖಾನೆಯ ಕಿಟ್ಟದಿಂದ ಮಾಡಿದ ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ಇವೆರಡೂ ನಿಧಾನವಾಗಿ ಬಲ ಹಿಡಿಯುವ ಸಿಮೆಂಟ್. ಕನಿಷ್ಠ 10 ದಿನ, ನಮ್ಮ ಬೇಸಿಗೆಯಲ್ಲಾದರೆ 14 ದಿನ, ಗೋಣಿತಾಟು ಹೊದಿಸಿ ತೇವ ಆರದಂತೆ ನೋಡಿಕೊಳ್ಳಿ.

ಅಂಗಡಿಯಲ್ಲಿ ಚೀಲದ ಮೇಲಿನ ಅಕ್ಷರ ಓದಿ ಹಣ ಕೊಡಿ. ನಾನು ಓದಿದ್ದು ಗಿಲಾವು ಉದುರಿದ ಮೇಲೆ.