ಟೀ ಶರ್ಟ್ ಬಿಚ್ಚಿಟ್ಟು ಬನ್ನಿ

ಆಗಸ್ಟ್ 15ಕ್ಕೆ ಅಲ್ಲಿಗೆ ಹೋಗಬೇಡಿ. ಜನವರಿ 26ಕ್ಕೂ ಬೇಡ. ಡಿಸೆಂಬರ್ 7ರ ಧ್ವಜ ದಿನಕ್ಕಂತೂ ಬೇಡವೇ ಬೇಡ. ಆ ಮೂರು ದಿನ ಜನವೋ ಜನ. ಉಳಿದ 362 ದಿನ ಹೋಗಿ, ಕುರ್ಚಿಗಳು ಖಾಲಿ ಇರುತ್ತವೆ.

ನಾನು ಹೇಳ್ತಿರೋದು ಬೆಂಗಳೂರಿನ ಹೊರವಲಯದ ಒಂದು ವೃದ್ಧಾಶ್ರಮದ ಬಗ್ಗೆ. ಅಲ್ಲಿರೋರಲ್ಲಿ ಏಳೆಂಟು ಜನ ಮಾಜಿ ಸೈನಿಕರು. ನಾಲ್ಕು ವರ್ಷದ ಹಿಂದೆ ನಾನೂ ಹೋಗಿದ್ದು ಆಗಸ್ಟ್ 15ಕ್ಕೇ. ಆಫೀಸಿನ ಬಸ್ಸು, ನಲವತ್ತು ಜನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಎದೆ ಮೇಲೆ ಕಂಪನಿ ಲೋಗೋ. ಜಿಲೇಬಿ ಹಂಚಿದ್ವಿ, ಸಕ್ಕರೆ ಕಾಯಿಲೆ ಇರೋರಿಗೂ. ಗಾಲಿಕುರ್ಚಿಗಳನ್ನ ಬಿಸಿಲಿಗೆ ತಳ್ಳಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ್ವಿ. ನಮ್ಮ ಟೀಮಿನ ಹುಡುಗನೊಬ್ಬ ಸುಬೇದಾರ್ ತಾತನ ಮುಖಕ್ಕೆ ಮೊಬೈಲ್ ಹಿಡಿದು, "ಅಂಕಲ್, ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ?" ಅಂತ ಕೇಳಿದ. ತಾತ ನಕ್ಕು, "ಮರೆತುಹೋಯ್ತಪ್ಪ" ಅಂದ್ರು. ಆ ವಿಡಿಯೋಗೆ ದೇಶಭಕ್ತಿ ಮ್ಯೂಸಿಕ್ ಹಾಕಿದ್ದು ನಾನೇ.

ಅವರು ಏನನ್ನೂ ಮರೆತಿರಲಿಲ್ಲ ಅಂತ ಗೊತ್ತಾಗೋಕೆ ನನಗೆ ಆರು ತಿಂಗಳ ಭಾನುವಾರಗಳು ಬೇಕಾದವು. ಅವರು ಎಂಇಜಿಯವರು, ನಮ್ಮ ಹಲಸೂರು ಕೆರೆ ಪಕ್ಕದಲ್ಲೇ ಕೇಂದ್ರ ಇರೋ ಮದ್ರಾಸ್ ಸ್ಯಾಪರ್ಸ್. ಅಲ್ಲಿ ಸೈನಿಕರನ್ನ 'ತಂಬಿ' ಅಂತಾರೆ, ಅದಕ್ಕೇ ತಾತ ನನ್ನನ್ನೂ ತಂಬಿ ಅಂತಲೇ ಕರೆಯೋದು. ಅವರ ಕೆಲಸ ಸೇತುವೆ ಕಟ್ಟೋದು, ಶತ್ರು ಹೂತಿಟ್ಟ ಮೈನ್ ತೆಗೆಯೋದು. 1971ರ ಡಿಸೆಂಬರ್ ಚಳಿಯಲ್ಲಿ ಹೊಟ್ಟೆ ಮೇಲೆ ಮಲಗಿ, ಸಲಾಕೆಯಿಂದ ನೆಲವನ್ನ ಓರೆಯಾಗಿ ಚುಚ್ಚುತ್ತಾ ಮುಂದೆ ತೆವಳಿದವರು. ನೇರ ಚುಚ್ಚಿದ್ರೆ ಮೈನಿನ ತಲೆ ಮೇಲೇ ಒತ್ತಿದ ಹಾಗೆ. ಪಕ್ಕದಲ್ಲಿ ತೆವಳುತ್ತಿದ್ದು ವಾಪಸ್ ಬರದ ಗೆಳೆಯನ ಹೆಸರು ನನಗೆ ಹೇಳಿದ್ದು ಎಂಟನೇ ತಿಂಗಳಲ್ಲಿ. ಜಿಲೇಬಿ ಕೊಟ್ಟು ಐದು ನಿಮಿಷದಲ್ಲಿ ಕೇಳಿಸಿಕೊಳ್ಳೋ ಕತೆನಾ ಅದು?

"ಏನೂ ಮಾಡದಿರೋದಕ್ಕಿಂತ ಅಷ್ಟಾದ್ರೂ ಮಾಡ್ತಾರಲ್ಲ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಆ ಭೇಟಿ ಪುಕ್ಕಟೆ ಆಗಿರಲಿಲ್ಲ. ಅವತ್ತು ಸ್ನಾನ ತಡವಾಯ್ತು, ಫಿಸಿಯೋಥೆರಪಿ ರದ್ದಾಯ್ತು. ಇದ್ದ ಇಬ್ಬರು ಆಯಾಗಳು ನಮಗೆ ಕಾಫಿ ಕೊಡೋದ್ರಲ್ಲೇ ಸುಸ್ತಾದರು. ಬೇಡ ಅನ್ನೋ ಹಾಗೂ ಇಲ್ಲ, ಯಾಕಂದ್ರೆ ಚೆಕ್ಕು ನಮ್ಮ ಜೊತೆಗೇ ಬಂದಿತ್ತು.

ಚೆಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಮಾಜಿ ಸೈನಿಕರು, ಯುದ್ಧದಲ್ಲಿ ಮಡಿದವರ ಪತ್ನಿಯರು, ಅವರ ಅವಲಂಬಿತರಿಗಾಗಿ ಸಿಎಸ್‌ಆರ್ ಹಣ ಖರ್ಚು ಮಾಡಬಹುದು ಅಂತ 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲೇ ಇದೆ. ಧಾರಾಳವಾಗಿ ಕೊಡಲಿ, ರ‍್ಯಾಂಪ್ ಕಟ್ಟಿಸಲಿ. ಚೆಕ್ಕಿನ ಜೊತೆ ನಲವತ್ತು ಟೀ ಶರ್ಟು ಯಾಕೆ ಬರಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ತಮಾಷೆ ಅಂದ್ರೆ, ಆ ನಲವತ್ತೂ ಜನ ಸಾಫ್ಟ್‌ವೇರಿನವರು. ಪಿಂಚಣಿ ಬರ್ತಾ ಇರಬೇಕಂದ್ರೆ ತಾನು ಬದುಕಿದ್ದೀನಿ ಅಂತ ತಾತ ಪ್ರತಿ ವರ್ಷ ಸರ್ಕಾರಕ್ಕೆ ಪ್ರಮಾಣಪತ್ರ ಕೊಡಬೇಕು. ಬೆರಳಿನ ಗೆರೆ ಸವೆದು ಹೋಗಿದೆ, ಯಂತ್ರ ಒಪ್ಪಲ್ಲ. ಆದರೆ 2021ರಿಂದ ಜೀವನ್ ಪ್ರಮಾಣ್‌ನಲ್ಲಿ ಮೊಬೈಲ್ ಕ್ಯಾಮೆರಾಗೆ ಮುಖ ತೋರಿಸಿದ್ರೂ ನಡೆಯುತ್ತೆ. ಹತ್ತು ನಿಮಿಷದ ಕೆಲಸ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ. 20, 85ಕ್ಕೆ ಶೇ. 30 ಹೆಚ್ಚುವರಿ ಸಿಗಬೇಕು. ಅದು ಸೇರಿದೆಯಾ ಅಂತ ಸ್ಪರ್ಶ್ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ನೋಡಬಹುದು. ಅವತ್ತು ಅಲ್ಲಿ ನಲವತ್ತು ಸ್ಮಾರ್ಟ್‌ಫೋನ್ ಇದ್ವು. ಎಲ್ಲವೂ ಸೆಲ್ಫಿಯಲ್ಲಿ ಬ್ಯುಸಿ.

ಇಷ್ಟು ಭಾಷಣ ಬಿಗಿಯೋ ನಾನೇನು ಸಾಚಾ ಅಲ್ಲ. ಹೋದ ವರ್ಷ ಒಂದು ರಿಲೀಸ್ ಇತ್ತು, ಮೂರು ಭಾನುವಾರ ಹೋಗಲಿಲ್ಲ, ಫೋನೂ ಮಾಡಲಿಲ್ಲ. ನಾಲ್ಕನೇ ವಾರ ಹೋದಾಗ ಗೇಟಿನ ಹತ್ತಿರ ವಾಚ್‌ಮ್ಯಾನ್ ತಡೆದು ಹೇಳಿದ: "ಪ್ರತಿ ಭಾನುವಾರ ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಹತ್ತು ಗಂಟೆಗೇ ಬಂದು ಇಲ್ಲಿ ಕೂತ್ಕೊಳ್ಳೋರು ಸಾರ್." ಒಳಗೆ ಹೋಗಿ ಮಾತಾಡಿಸಿದ್ರೆ ತಾತನಿಗೆ ನಾನು ಹೇಳಿದ್ದು ಕೇಳಿಸ್ತಾ ಇರಲಿಲ್ಲ. ಹಿಯರಿಂಗ್ ಏಡ್‌ನ ಬ್ಯಾಟರಿ ಮುಗಿದಿತ್ತು. ತರ್ತೀನಿ ಅಂತ ಹೇಳಿ ಹೋಗಿದ್ದವನು ನಾನು. ಮೂರು ವಾರ ಆ ಮನುಷ್ಯ ಟಿವಿ ಕೇಳಿಲ್ಲ, ಊಟದ ಗಂಟೆ ಕೇಳಿಲ್ಲ, ಪಕ್ಕದ ಮಂಚದವರ ಮಾತೂ ಕೇಳಿಲ್ಲ. ಬೇರೆ ಯಾರಿಗಾದ್ರೂ ಹೇಳಬಾರದಿತ್ತಾ ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. "ನೀನು ತರ್ತೀನಿ ಅಂದಿದ್ಯಲ್ಲ, ತಂಬಿ" ಅಂದ್ರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ರೆ ನನಗೆ ಒಂಚೂರು ಸಮಾಧಾನ ಆಗ್ತಿತ್ತು.

ಹಾಗಾಗಿ ಹೇಳ್ತೀನಿ: ವರ್ಷಕ್ಕೊಮ್ಮೆ ಬಸ್ಸಲ್ಲಿ ಹೋಗೋದಾದ್ರೆ ಹೋಗಲೇಬೇಡಿ. ದುಡ್ಡು ಕಳಿಸಿ, ರಸೀದಿ ತಗೊಂಡು ಮನೇಲಿರಿ, ಅದೂ ಒಳ್ಳೇದೇ. ಹೋಗೋದಾದ್ರೆ ಒಬ್ಬರೇ ಹೋಗಿ, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ. ಆಗಲ್ಲ ಅಂದ್ರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ. ಮೊದಲನೇ ದಿನ ಮಾತು ಹೇಗೆ ಶುರು ಮಾಡೋದು ಅಂತ ಗೊತ್ತಾಗದಿದ್ರೆ, ಹಿಯರಿಂಗ್ ಏಡ್‌ಗೆ ಯಾವ ನಂಬರಿನ ಬ್ಯಾಟರಿ ಬೇಕು ಅಂತ ಕೇಳಿ. ಮುಂದಿನ ಸಲ ಮರೀದೆ ತಗೊಂಡು ಹೋಗಿ.