ಮನೆವಾರ್ತೆ: ಹಳೆಯ ಕಾರಿಗೆ ಯಾವ ಬಣ್ಣ?

ಹಳೆಯ ಕಾರಿಗೆ ಹೊಸ ಬಣ್ಣ ಹಚ್ಚಿಸುವ ವಿಚಾರ ಎದ್ದಿತೆಂದರೆ ಮನೆಯ ಮಕ್ಕಳ ಬಾಯಲ್ಲಿ ಮೊದಲು ಬರುವುದು ಕಪ್ಪು. ನಮ್ಮಲ್ಲಿಯೂ ಹಾಗೆಯೇ ಆಯಿತು. 1991ರಲ್ಲಿ ಕೊಂಡ ನಮ್ಮ ಕಡುನೀಲಿ ಅಂಬಾಸಿಡರ್ ಮಠದ ಜಾತ್ರೆಗೆ, ಬೀಗರ ಮನೆಗೆ, ಸಾವುನೋವುಗಳಿಗೆ ನಮ್ಮನ್ನು ಹೊತ್ತು ಮುಟ್ಟಿಸಿದ ಗಾಡಿ. ಅದರ ತಯಾರಿಕೆ 2014ರಲ್ಲಿಯೇ ನಿಂತುಹೋದರೂ ಅದನ್ನು ಮಾರಲು ನಮಗೆ ಮನಸ್ಸು ಬಾರದು. ಅಣ್ಣನ ಮಗಳ ಮದುವೆಗೆ ಮುನ್ನ ಬಣ್ಣ ಹಚ್ಚಿಸಬೇಕೆಂದು ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಹಿರಿಯ ಟಿಂಕರ್ ಬಾಗಿಲುಗಳ ಮೇಲೆ ಕೈಯಾಡಿಸಿ, “ಸಾಹೇಬ್ರ, ಕರೇ ಬಣ್ಣ ಹಚ್ಚಿದ್ರ ಗಾಡಿ ಕನ್ನಡಿ ಆಗತೈತ್ರಿ. ಒಂದೊಂದ್ ಗುಳೀನೂ ಊರಿಗೆಲ್ಲಾ ಕಾಣತೈತಿ. ಬಿಳೇದ ಹಚ್ಚಿಸ್ರಿ” ಎಂದರು.

ಈ ಮಾತಿನ ನಿಜವನ್ನು ಓದುಗ ಬಂಧುಗಳು ಬೀದಿಯಲ್ಲಿ ನಿಂತೇ ಪರೀಕ್ಷಿಸಬಹುದು. ಕಪ್ಪು ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ನುಂಗುತ್ತದೆ. ಕಣ್ಣಿಗೆ ಮರಳುವುದು ಹೊಳಪಿನ ಮೇಲ್ಮೈಯಲ್ಲಿ ಮೂಡಿದ ಪ್ರತಿಬಿಂಬ ಮಾತ್ರ. ಎದುರಿನ ವಿದ್ಯುತ್ ಕಂಬ ಬಾಗಿಲಿನಲ್ಲಿ ನೆಟ್ಟಗೆ ಮೂಡಬೇಕು. ತಗಡು ಕೊಂಚ ತಗ್ಗಿದ್ದರೂ ಕಂಬ ಹಾವಿನಂತೆ ಡೊಂಕಾಗುತ್ತದೆ. ಬಿಳಿಯಲ್ಲಿಯೂ ಪ್ರತಿಬಿಂಬ ಮೂಡದೆ ಇರುವುದಿಲ್ಲ. ಆದರೆ ಬಿಳಿಯ ಬಣ್ಣವು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಆ ಮಸುಕು ಬಿಂಬ ಅದರಲ್ಲಿಯೇ ಮುಳುಗಿಹೋಗುತ್ತದೆ. ಕೆನೆಬಣ್ಣ, ತಿಳಿಬೂದಿ ಬಣ್ಣಗಳೂ ಬಹುಮಟ್ಟಿಗೆ ಹೀಗೆಯೇ. ಕಡುನೀಲಿ, ಕಡುಗೆಂಪುಗಳು ಕಪ್ಪಿನ ಪಂಗಡದವು. ಇಷ್ಟು ವರ್ಷ ನಮ್ಮ ಗಾಡಿಯ ಗುಳಿಗಳೆಲ್ಲ ಎದ್ದು ಕಾಣುತ್ತಿದ್ದುದಕ್ಕೆ ಕಾರಣವೂ ಅದೇ.

ಬೆಳ್ಳಿಬಣ್ಣದ ಮಾತು ಬೇರೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳ ಮಿನುಗು ಧೂಳನ್ನೂ ಸಣ್ಣ ಗೀರುಗಳನ್ನೂ ಚೆನ್ನಾಗಿ ಮರೆಸುತ್ತದೆ. ಆದರೆ ನೋಡುವ ಕೋನ ಬದಲಾದಂತೆ ಅದರ ಹೊಳಪು ಏರಿಳಿಯುವುದರಿಂದ ದೊಡ್ಡ ಗುಳಿಯು ನೆರಳಿನಂತೆ ತೋರುತ್ತದೆ. ಮುಂದೆಂದೋ ಒಂದೇ ಬಾಗಿಲಿಗೆ ಬಣ್ಣ ಹಚ್ಚಿಸಬೇಕಾಗಿ ಬಂದರೆ ಉಳಿದ ಭಾಗದೊಡನೆ ಹೊಂದಿಸುವುದೂ ಕಷ್ಟ. ಹೊಳಪಿಲ್ಲದ ಮಂಕು ಬಣ್ಣ ಉಬ್ಬುತಗ್ಗುಗಳನ್ನು ಮುಚ್ಚುತ್ತದೆ, ನಿಜ. ಆದರೆ ಅದನ್ನು ಪಾಲಿಶ್ ಮಾಡುವಂತಿಲ್ಲ. ಸಂಸಾರಸ್ಥರಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ದಪ್ಪನಾಗಿ ಬಳಿದರೆ ಗುಳಿ ತುಂಬೀತೆಂಬುದು ಭ್ರಮೆ. ಬಣ್ಣದ ಪದರಗಳೆಲ್ಲ ಸೇರಿದರೂ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು ಅಷ್ಟೆ. ತಗಡನ್ನು ಬಡಿದು ಸಮ ಮಾಡಿ, ಮೇಲೆ ತೆಳುವಾಗಿ ಪುಟ್ಟಿ ಎಳೆದು, ಎಮರಿ ಕಾಗದದಿಂದ ಉಜ್ಜಬೇಕು. ಪ್ರೈಮರ್ ಮಂಕಾಗಿರುವುದರಿಂದ ಆ ಹಂತದಲ್ಲಿ ಎಲ್ಲವೂ ಸರಿಯಾಗಿದ್ದಂತೆಯೇ ಕಾಣುತ್ತದೆ. ಆಗ ಅದರ ಮೇಲೆ ನೀರು ಸುರಿಸಿ ಟ್ಯೂಬ್‌ಲೈಟಿನ ಬಿಂಬವನ್ನು ನೋಡಿದರೆ ಉಳಿದ ತಗ್ಗುಗಳು ತಿಳಿಯುತ್ತವೆ. ಬಣ್ಣ ಬಿದ್ದ ಮೇಲೆ ತಕರಾರು ಮಾಡಿ ಪ್ರಯೋಜನವಿಲ್ಲ.

ನಮ್ಮ ಗಾಡಿಯ ಹಳೆಯ ಬಣ್ಣ ಕೆರೆದಾಗ ಎಡಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಗೇಣುದ್ದ ತುಕ್ಕು ಕಂಡಿತು. ತಿವಿದರೆ ತಗಡು ಪುಡಿಪುಡಿ. ಹಿಂದೊಮ್ಮೆ ಬೇರೊಬ್ಬರು ಅಲ್ಲಿ ಪುಟ್ಟಿ ಮೆತ್ತಿ ಮುಚ್ಚಿದ್ದರು. ಬಿರಿದ ಪುಟ್ಟಿಯೊಳಗೆ ಇಳಿದ ನೀರು ಆರದೆ ಒಳಗೊಳಗೇ ಕಬ್ಬಿಣವನ್ನು ತಿಂದಿತ್ತು. ಮದುವೆಗೆ ಉಳಿದಿದ್ದುದು ಐದೇ ದಿನ. “ಈಗ ಮುಚ್ಚಿ ಬಿಳೇದ ಹಚ್ಚತೀನಿ, ಯಾರಿಗೂ ತಿಳಿಯಂಗಿಲ್ಲ. ಲಗ್ನ ಮುಗಿಸಿ ತರ್ರಿ” ಎಂದರು ಟಿಂಕರ್. ನಾವು ಒಪ್ಪಿಯೂ ಬಿಟ್ಟೆವೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು, “ಆ ಕಡೆ ಕೂಡೋವು ಹುಡುಗರ್ರಿ” ಎಂದಷ್ಟೇ ನುಡಿದು ಒಳಗೆ ಹೋದರು. ಮರುದಿನವೇ ಹೋಗಿ, ಪಟ್ಟಿಯನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಿಸಲು ಹೇಳಿದೆವು. ಮದುವೆಗೆ ಬಸ್ಸಿನಲ್ಲಿ ಹೋದೆವು. ಬೀಗರು ಕಾರು ಎಲ್ಲಿ ಎಂದು ಕೇಳಿದರು; ಗ್ಯಾರೇಜಿನಲ್ಲಿದೆ ಎಂದೆವು.

ಹಳೆಯ ಗಾಡಿ ಕೊಳ್ಳುವವರು ತೆಳುಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೊತೆಗೆ ಒಯ್ಯುವುದು ಲೇಸು. ಉಕ್ಕಿನ ತಗಡಿನ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಬಿಳಿಯ ಗಾಡಿಯಾದರೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಮಾರುವವರು ಬಣ್ಣದಡಿ ಏನಿದೆಯೆಂಬುದನ್ನು ತಾವಾಗಿಯೇ ಹೇಳಬೇಕು. ಹೇಳದೆ ಪಡೆದ ಹಣ ಕಾಯಕದ ಹಣವಲ್ಲ.

ಬಣ್ಣ ಬದಲಾದರೆ ಆರ್.ಸಿ.ಯಲ್ಲಿಯೂ ಅದು ದಾಖಲಾಗಬೇಕು. ಆದ್ದರಿಂದ ಕೆಲಸಕ್ಕೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ. ಸೇನೆಯ ವಾಹನಗಳ ಆಲಿವ್ ಹಸಿರನ್ನು ಮಾತ್ರ ಯಾರೂ ಆಶಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನು ರಕ್ಷಣಾ ಇಲಾಖೆಗೆ ಮೀಸಲಿಟ್ಟಿವೆ. ನಮ್ಮ ಮೊಮ್ಮಗನಿಗೆ ಬೇಕಾಗಿದ್ದುದು ಆ ಬಣ್ಣವೇ.