ಓದದವರ ವಾದ



2018ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯನ್ನು ರಾಜ್ಯ ಸರ್ಕಾರವು ಒಪ್ಪಿದಾಗ, ವೀರಶೈವ–ಲಿಂಗಾಯತದ ವಾದವು ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕಟ್ಟೆಕಟ್ಟೆಗಳಲ್ಲಿ ಹೊತ್ತಿ ಉರಿಯಿತು. ಮಠಕ್ಕೆ ಬಂದ ಎರಡೂ ಪಕ್ಷದವರನ್ನು ನಾವು ಒಂದೇ ಪ್ರಶ್ನೆ ಕೇಳಿದೆವು: ಆ ವರದಿಯನ್ನು ಓದಿರುವಿರಾ? ಉತ್ತರ ಬರಲಿಲ್ಲ. ಓದದೆ ಒಪ್ಪುವುದೂ ಓದದೆ ತೆಗಳುವುದೂ ಒಂದೇ ಆಲಸ್ಯದ ಎರಡು ಮುಖಗಳು.

ನಂಬಿದವನಿಗೆ ವಿಚಾರವೇಕೆ ಎನ್ನುವವರುಂಟು. ಕೂಡಲಸಂಗಮಕ್ಕೆ ಹೋಗಿ ಕೈಮುಗಿದು ಬರುವ ಅವರು ಶೂನ್ಯಸಂಪಾದನೆಯನ್ನು ತೆರೆದು ನೋಡಲಿ. ಆ ಗ್ರಂಥವೆಲ್ಲ ಸಂವಾದವೇ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುದೇವರು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ಆ ತಾಯಿ ಮುನಿದು ಹೊರಟುಹೋಗಲಿಲ್ಲ, ಉತ್ತರಿಸಿದಳು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದುದು ಜಗಲಿಯ ಮೇಲಿಟ್ಟು ಪೂಜಿಸಲೆಂದಲ್ಲ.

ಇಲಕಲ್ಲಿನ ನೇಕಾರರನ್ನು ನೋಡಿರಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಎಳೆಗೆ ಕೊಂಡಿ ಹಾಕಿ ಜೋಡಿಸಿದರೇನೇ ಸೀರೆ. ಒಂದನ್ನು ಕತ್ತರಿಸಿ ಎಸೆದರೆ ಉಳಿಯುವುದು ತುಂಡು ಬಟ್ಟೆ.

ತಪ್ಪು ಭಕ್ತರದಷ್ಟೇ ಅಲ್ಲ. ಪ್ರಶ್ನಿಸಿದ ವಿದ್ಯಾರ್ಥಿಯನ್ನು ಉದ್ಧಟನೆಂದು ಸುಮ್ಮನೆ ಕೂರಿಸಿದವರಲ್ಲಿ ನಾವೂ ಒಬ್ಬರು. ನಾಚಿಕೆಯಿಂದಲೇ ಇದನ್ನು ಒಪ್ಪುತ್ತೇವೆ.

ಮುಂದಿನ ಶಿವಾನುಭವ ಗೋಷ್ಠಿಗೆ ಓದಿಕೊಂಡು ಬನ್ನಿರಿ. ಎದುರಾಳಿಯ ಮಾತನ್ನು, ಅವನೇ ಹೌದೆನ್ನುವಂತೆ, ಮೊದಲು ನೀವು ಹೇಳಿರಿ, ಆಮೇಲೆ ಖಂಡಿಸಿರಿ. ನಿಮ್ಮ ಅಭಿಪ್ರಾಯ ಬದಲಾಗಲಿ, ಬಿಡಲಿ. ಅದು ನಿಜವಾಗಿ ನಿಮ್ಮದಾಗುವುದು ಆಗಲೇ.